ಕೊರಿಯಾದ ಸೆರೆಯಾಳುಗಳೂ ಕೊಡಗಿನ ಸೇನಾನಿಯೂ

ಯುದ್ಧ ಮುಗಿದ ಮೇಲೆ ಸೆರೆಸಿಕ್ಕವರನ್ನು ಅವರವರ ಊರಿಗೆ ಕಳುಹಿಸಿಕೊಡುವುದಕ್ಕಿಂತ ಸುಲಭವಾದ ಕೆಲಸ ಇನ್ನಾವುದಿದೆ ಎಂದು ಯಾರಿಗಾದರೂ ತೋರಬಹುದು. ಗೆದ್ದವರು ಯಾರೇ ಆಗಲಿ, ಸೋತವರು ಯಾರೇ ಆಗಲಿ, ತೋಪುಗಳ ಸದ್ದು ಅಡಗಿದೊಡನೆ ಬೇಲಿಯ ಬಾಗಿಲನ್ನು ತೆರೆದುಬಿಟ್ಟರಾಯಿತು. ಸೆರೆಯಾಳು ತನ್ನ ಹೆಂಡಿರು ಮಕ್ಕಳಿರುವ ದಿಕ್ಕಿಗೆ ಓಡುತ್ತಾನೆ. ನಮ್ಮ ವೀರಗಲ್ಲುಗಳನ್ನು ಓದಿದವರಿಗೆ ಗೊತ್ತಿದೆ: ಹಿಡಿದೊಯ್ದ ತುರುಗಳನ್ನು ಮರಳಿಸಿ ತಂದವನಿಗೆ, ಹೆಂಗಸರ ಸೆರೆ ಬಿಡಿಸಲು ಹೋಗಿ ಮಡಿದವನಿಗೆ ಕಲ್ಲು ನೆಟ್ಟ ನಾಡು ನಮ್ಮದು. ಆದರೆ ಸೆರೆಹೋದವನೇ ‘ನಾನು ಮನೆಗೆ ಬರಲೊಲ್ಲೆ’ ಎಂದು ಹಟ ಹಿಡಿದರೆ ಏನು ಮಾಡಬೇಕು? ನಾನು ಓದಿದ ಯಾವ ಕಲ್ಲಿನಲ್ಲಿಯೂ ಈ ಪ್ರಶ್ನೆ ಎದ್ದದ್ದನ್ನು ಕಾಣೆ.

ಅದು ಎದ್ದದ್ದು ಕೊರಿಯಾದಲ್ಲಿ. ಅದಕ್ಕೆ ಉತ್ತರ ಕಾಣದೆ, ಮುಗಿಯಬಹುದಾಗಿದ್ದ ಒಂದು ಘೋರಯುದ್ಧ ವರ್ಷಕ್ಕೂ ಮಿಕ್ಕಿ ಲಂಬಿಸಿತು. ಕಡೆಗೆ ಆ ಕಗ್ಗಂಟನ್ನು ಬಿಡಿಸುವ ಹೊಣೆ ಬಿದ್ದದ್ದು ಮಡಿಕೇರಿಯಲ್ಲಿ ಹುಟ್ಟಿದ ಒಬ್ಬ ಸೈನಿಕನ ಹೆಗಲಿಗೆ. ನನ್ನ ತರಗತಿಯ ಹುಡುಗ ಹುಡುಗಿಯರಿಗೆ ಇಂದು ಕೊರಿಯಾ ಅಪರಿಚಿತವಾದ ದೇಶವಲ್ಲ. ಅಲ್ಲಿಯ ಹಾಡುಗಳೂ ಧಾರಾವಾಹಿಗಳೂ ಅವರಿಗೆ ಬಾಯಿಪಾಠ. ಪಂಪನ ಒಂದು ವೃತ್ತವನ್ನು ಬಾಯಿಪಾಠ ಮಾಡಿರೆಂದರೆ ಮಾತ್ರ ಮುಖ ಸೊರಗುತ್ತದೆ, ಅದಂತಿರಲಿ. ಜನರಲ್ ತಿಮ್ಮಯ್ಯನವರ ಹೆಸರನ್ನೂ ಅವರು ಕೇಳಿ ಬಲ್ಲರು. ಆದರೆ ತಿಮ್ಮಯ್ಯನವರಿಗೂ ಕೊರಿಯಾಕ್ಕೂ ಏನು ನಂಟು ಎಂದು ಒಮ್ಮೆ ಕೇಳಿದಾಗ ತರಗತಿಯೆಲ್ಲ ಮೌನವಾಯಿತು. ತಪ್ಪು ಅವರದೆನ್ನಲಾರೆ. ಕಾಶ್ಮೀರದ ಜೊಜಿಲಾ ಕಣಿವೆಗೆ ೧೯೪೮ರ ನವೆಂಬರಿನಲ್ಲಿ ಟ್ಯಾಂಕುಗಳನ್ನು ಹತ್ತಿಸಿದ ತಿಮ್ಮಯ್ಯನವರನ್ನು ನಾವು ನೆನೆಯುತ್ತೇವೆ. ಗುಂಡು ಹಾರಿಸದೆ ನಡೆಸಬೇಕಾದ ದಂಡಯಾತ್ರೆಯೊಂದಕ್ಕೆ ನಾಯಕರಾದ ತಿಮ್ಮಯ್ಯನವರನ್ನು ಮರೆತಿದ್ದೇವೆ.

ಕಥೆಯ ಪೂರ್ವಭಾಗವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ೧೯೪೫ರಲ್ಲಿ ಜಪಾನು ಶರಣಾದಾಗ ಅದರ ವಸಾಹತಾಗಿದ್ದ ಕೊರಿಯಾವನ್ನು ಅಮೆರಿಕೆಯೂ ರಷ್ಯವೂ ೩೮ನೆಯ ಅಕ್ಷಾಂಶದ ಮೇಲೆ ಗೆರೆ ಎಳೆದು ಪಾಲು ಮಾಡಿಕೊಂಡವು. ಉತ್ತರದಲ್ಲಿ ಕಿಮ್ ಇಲ್ ಸುಂಗ್, ದಕ್ಷಿಣದಲ್ಲಿ ಸಿಂಗ್ಮನ್ ರೀ. ಇಬ್ಬರೂ ಇಡೀ ದೇಶ ತನ್ನದೆನ್ನುವವರೇ. ೧೯೫೦ರ ಜೂನ್ ೨೫ರಂದು ಉತ್ತರದ ಸೈನ್ಯ ಗೆರೆ ದಾಟಿ ಬಂದಿತು. ವಿಶ್ವಸಂಸ್ಥೆಯ ಧ್ವಜದಡಿ ಅಮೆರಿಕೆಯ ಸೇನೆ ಅದನ್ನು ಹಿಂದಕ್ಕೆ ಅಟ್ಟಿತು. ಅಟ್ಟಿದ್ದಷ್ಟೇ ಸಾಲದೆ ತಾನೂ ಗೆರೆ ದಾಟಲು ಹವಣಿಸಿತು. ಆಗ ಪೀಕಿಂಗಿನಲ್ಲಿ ನಮ್ಮ ರಾಯಭಾರಿಯಾಗಿದ್ದವರು ಸರದಾರ್ ಕೆ. ಎಂ. ಪಣಿಕ್ಕರ್. ಅಕ್ಟೋಬರ್ ತಿಂಗಳ ಆರಂಭದಲ್ಲಿ ಒಂದು ನಡುರಾತ್ರಿ ಪ್ರಧಾನಿ ಚೌ ಎನ್‌ಲಾಯ್ ಅವರನ್ನು ಕರೆಸಿಕೊಂಡು, ಅಮೆರಿಕನ್ನರು ಗೆರೆ ದಾಟಿದರೆ ಚೀನ ಸುಮ್ಮನಿರುವುದಿಲ್ಲವೆಂದು ತಿಳಿಸಿದರು. ದೆಹಲಿಯ ಮೂಲಕ ಆ ಮಾತು ವಾಷಿಂಗ್ಟನ್ನಿಗೆ ಮುಟ್ಟಿತು. ಅಲ್ಲಿ ಅದನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಚೀನ ಬಂದಿತು, ಸುಮ್ಮನೆ ಬರಲಿಲ್ಲ, ಲಕ್ಷಗಟ್ಟಲೆಯಾಗಿ ಬಂದಿತು. ೧೯೫೧ರ ನಡುಭಾಗದ ಹೊತ್ತಿಗೆ ಎರಡೂ ಪಕ್ಷಗಳು ಹೆಚ್ಚುಕಡಮೆ ಮೊದಲಿದ್ದ ಗೆರೆಯ ಬಳಿಯೇ ಕಾಲೂರಿ ನಿಂತು ಏದುಸಿರು ಬಿಡುತ್ತಿದ್ದವು. ಜುಲೈ ೧೦ರಂದು ಕದನವಿರಾಮದ ಮಾತುಕತೆ ಮೊದಲಾಯಿತು. ಒಂದೊಂದೇ ವಿಷಯ ಇತ್ಯರ್ಥವಾಗುತ್ತ ಬಂದು ಕೊನೆಗೆ ಉಳಿದದ್ದು ಸೆರೆಯಾಳುಗಳ ಪ್ರಶ್ನೆ.

೧೯೫೧ರ ಡಿಸೆಂಬರಿನಲ್ಲಿ ಉಭಯಪಕ್ಷಗಳೂ ತಮ್ಮ ತಮ್ಮ ಪಟ್ಟಿಗಳನ್ನು ವಿನಿಮಯ ಮಾಡಿಕೊಂಡವು. ವಿಶ್ವಸಂಸ್ಥೆಯ ಸೇನೆಯ ವಶದಲ್ಲಿ ೧,೩೨,೦೦೦ಕ್ಕೂ ಮೇಲ್ಪಟ್ಟು ಸೆರೆಯಾಳುಗಳಿದ್ದರು. ಕಮ್ಯೂನಿಸ್ಟರ ಪಟ್ಟಿಯಲ್ಲಿದ್ದವರು ೧೧,೫೫೯ ಮಂದಿ. ೧೯೪೯ರ ಜಿನೀವಾ ಒಡಂಬಡಿಕೆಯ ೧೧೮ನೆಯ ವಿಧಿಯ ಮಾತು ಸ್ಪಷ್ಟವಾಗಿದೆ: ಕಾಳಗ ನಿಂತ ಮೇಲೆ ತಡಮಾಡದೆ ಯುದ್ಧಕೈದಿಗಳನ್ನು ಬಿಡುಗಡೆ ಮಾಡಿ ಅವರವರ ದೇಶಕ್ಕೆ ಕಳುಹಿಸತಕ್ಕದ್ದು. ಬರಲು ಇಷ್ಟವಿದೆಯೇ ಇಲ್ಲವೇ ಎಂದು ಕೇಳಬೇಕೆಂದು ಅದರಲ್ಲಿಲ್ಲ. ಅಮೆರಿಕೆ ಈಗ ಹೊಸದೊಂದು ವಾದವನ್ನು ಹೂಡಿತು. ಮನಸ್ಸಿಲ್ಲದವನನ್ನು ಬಲಾತ್ಕಾರವಾಗಿ ಹಿಂದಕ್ಕೆ ಕಳುಹಿಸಲಾಗದು ಎಂಬುದು ಆ ವಾದ.

ಇದರ ಹಿಂದೆ ಒಂದು ಕಹಿನೆನಪಿತ್ತು. ೧೯೪೫ರಲ್ಲಿ ಜರ್ಮನರ ಸೆರೆಯಿಂದ ಬಿಡುಗಡೆಯಾದ ರಷ್ಯನ್ ಸೈನಿಕರನ್ನು ಮಿತ್ರರಾಷ್ಟ್ರಗಳು ಸ್ಟಾಲಿನ್ನನಿಗೆ ಒಪ್ಪಿಸಿದ್ದವು. ಹೋಗಲಾರೆವೆಂದು ಗೋಳಾಡಿದವರನ್ನು ಲಾರಿಗಳಿಗೆ ತುಂಬಿ ಒಪ್ಪಿಸಿದ್ದವು. ಹಾಗೆ ಹೋದವರಲ್ಲಿ ಎಷ್ಟೋ ಮಂದಿಯ ಪಾಲಿಗೆ ಸೈಬೀರಿಯವೋ ಸಾವೋ ಕಾದಿತ್ತು. ಆ ಪಾಪ ಮತ್ತೆ ಬೇಡವೆಂದು ಅಧ್ಯಕ್ಷ ಟ್ರೂಮನ್ನರಿಗೆ ಅನ್ನಿಸಿದ್ದರೆ ಅದರಲ್ಲಿ ಕಪಟವಿರಲಿಲ್ಲ. ಆದರೆ ಕಪಟವಿಲ್ಲದ ಮನಸ್ಸಿನೊಡನೆ ಲೆಕ್ಕಾಚಾರವೂ ಸೇರಿಕೊಳ್ಳಬಲ್ಲದು. ಸಾವಿರಾರು ಚೀನೀಯರು ಮಾವೋನ ರಾಜ್ಯಕ್ಕೆ ಬೆನ್ನು ಹಾಕಿದರೆಂದು ಜಗತ್ತಿಗೆ ಸಾರಿಕೊಂಡರೆ ರಣರಂಗದಲ್ಲಿ ದೊರೆಯದ ಗೆಲುವು ಅಲ್ಲಿ ದೊರೆತಂತಾಗುತ್ತಿತ್ತು. ಇತ್ತ ಮಾತೆತ್ತಿದರೆ ಬಂಡವಾಳಶಾಹಿಗಳ ಕಾನೂನೆಂದು ಹಳಿಯುತ್ತಿದ್ದ ಕಮ್ಯೂನಿಸ್ಟರು ಈಗ ಜಿನೀವಾ ಒಡಂಬಡಿಕೆಯ ಅಕ್ಷರಾಕ್ಷರವನ್ನೂ ಎತ್ತಿಹಿಡಿಯುವ ಶಾಸ್ತ್ರಿಗಳಾದರು.

೧೯೫೨ರ ಏಪ್ರಿಲಿನಲ್ಲಿ ಸೆರೆಯಾಳುಗಳನ್ನು ಒಬ್ಬೊಬ್ಬರನ್ನಾಗಿ ಕೇಳಿ ನೋಡಲಾಯಿತು. ಹಿಂದಿರುಗುವವರು ಸುಮಾರು ೧,೧೬,೦೦೦ ಮಂದಿ ಆಗಬಹುದೆಂದು ಅದಕ್ಕೂ ಮೊದಲು ಅಮೆರಿಕನ್ನರು ಅಂದಾಜು ಹೇಳಿದ್ದರು. ಕೇಳಿದ ಮೇಲೆ ಹೇಳಿದ ಸಂಖ್ಯೆ ಸುಮಾರು ೭೦,೦೦೦. ಚೀನೀಯರು ಕೆರಳಿ ಕೆಂಡವಾದರು. ಈ ಸಂಖ್ಯೆಯನ್ನು ನಂಬುವುದೂ ಕಷ್ಟವಾಗಿತ್ತು. ಸೆರೆಯಾಳುಗಳನ್ನಿಟ್ಟಿದ್ದ ಕೋಜೆ ದ್ವೀಪದ ಶಿಬಿರ ಹೊರಗೆ ಮಾತ್ರ ಅಮೆರಿಕನ್ನರದು. ಬೇಲಿಯೊಳಗಿನ ಆಳ್ವಿಕೆ ಸೆರೆಯಾಳುಗಳ ಮುಖಂಡರದು. ಕೆಲವು ಕೊಟ್ಟಿಗಳಲ್ಲಿ ಕಮ್ಯೂನಿಸ್ಟರ ದರ್ಬಾರು. ಅವರು ಆ ಮೇ ತಿಂಗಳಲ್ಲಿ ಶಿಬಿರದ ಅಧಿಕಾರಿ ಬ್ರಿಗೇಡಿಯರ್ ಜನರಲ್ ಡಾಡ್ ಎಂಬಾತನನ್ನೇ ಹಿಡಿದು ಒಳಕ್ಕೆಳೆದುಕೊಂಡು ಮೂರು ದಿನ ಇಟ್ಟುಕೊಂಡರು! ಉಳಿದ ಕೊಟ್ಟಿಗಳಲ್ಲಿ ಕಮ್ಯೂನಿಸ್ಟ್‌ವಿರೋಧಿಗಳ ದರ್ಬಾರು. ಅಲ್ಲಿ ಸೆರೆಯಾಳುಗಳ ತೋಳಿನ ಮೇಲೆ, ಎದೆಯ ಮೇಲೆ ಕಮ್ಯೂನಿಸ್ಟರನ್ನು ಬೈಯುವ ಘೋಷಣೆಗಳನ್ನು ಹಚ್ಚೆ ಹೊಯ್ಯುತ್ತಿದ್ದರು. ಕೆಲವರಿಗೆ ಇಷ್ಟವಿದ್ದು, ಕೆಲವರಿಗೆ ಕೈಕಾಲು ಹಿಡಿದು. ಅಂಥ ಹಚ್ಚೆ ಹೊತ್ತವನು ಇನ್ನು ಯಾವ ಮುಖವಿಟ್ಟುಕೊಂಡು ಪೀಕಿಂಗಿಗೆ ಹೋದಾನು? ನಮ್ಮ ಹಳ್ಳಿಗಳ ಅಜ್ಜಿಯರು ಕೈಮೇಲಿನ ಹಚ್ಚೆಯೊಂದೇ ಸತ್ತ ಮೇಲೂ ಜೊತೆಗೆ ಬರುವ ಆಸ್ತಿಯೆಂದು ಹೇಳುವುದುಂಟು. ಕೊರಿಯಾದಲ್ಲಿ ಅದು ಬದುಕಿರುವಾಗಲೇ ದಾರಿಯನ್ನು ಮುಚ್ಚುವ ಬೀಗವಾಯಿತು.

ಇಂಥ ಸಮಯದಲ್ಲಿ ಭಾರತ ನಡುವೆ ಬಂದಿತು. ಕೊರಿಯಾಕ್ಕೆ ನಾವು ಕಾದುವ ಸೈನಿಕರನ್ನು ಕಳುಹಿಸಿರಲಿಲ್ಲ. ಲೆಫ್ಟಿನೆಂಟ್ ಕರ್ನಲ್ ರಂಗರಾಜ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಒಂದು ಸೈನಿಕ ಆಸ್ಪತ್ರೆಯ ತುಕಡಿಯನ್ನು ಮಾತ್ರ ಕಳುಹಿಸಿದ್ದೆವು. ೧೯೫೨ರ ಚಳಿಗಾಲದಲ್ಲಿ ವಿ. ಕೆ. ಕೃಷ್ಣ ಮೆನನ್ನರು ವಿಶ್ವಸಂಸ್ಥೆಯಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು. ಸೆರೆಯಾಳುಗಳನ್ನು ತಟಸ್ಥರಾಷ್ಟ್ರಗಳ ಆಯೋಗವೊಂದಕ್ಕೆ ಒಪ್ಪಿಸತಕ್ಕದ್ದು. ಹೋಗೆಂದಾಗಲಿ ಹೋಗಬೇಡವೆಂದಾಗಲಿ ಯಾರ ಮೇಲೂ ಬಲಪ್ರಯೋಗ ಮಾಡಕೂಡದು. ಇದು ಅದರ ತಿರುಳು. ಡಿಸೆಂಬರ್ ೩ರಂದು ಮಹಾಸಭೆ ೫೪ ಮತಗಳಿಂದ ಅದನ್ನು ಒಪ್ಪಿತು. ವಿರುದ್ಧ ಬಿದ್ದವು ೫. ಆ ಐದೂ ರಷ್ಯದ ಪಕ್ಷದವು. ರಷ್ಯದ ವಿಶಿನ್ಸ್ಕಿ ಮೆನನ್ನರನ್ನು ಸಭೆಯಲ್ಲಿ ಚೆನ್ನಾಗಿ ಹೀಯಾಳಿಸಿದನು. ಸೂತ್ರ ಸತ್ತಿತೆಂದೇ ಎಲ್ಲರೂ ತಿಳಿದರು. ಆದರೆ ೧೯೫೩ರ ಮಾರ್ಚ್ ೫ರಂದು ಸತ್ತದ್ದು ಸ್ಟಾಲಿನ್. ಆ ತಿಂಗಳು ಮುಗಿಯುವುದರೊಳಗೆ ಚೌ ಎನ್‌ಲಾಯ್ ಹೆಚ್ಚುಕಡಮೆ ಅದೇ ಸೂತ್ರವನ್ನು ತಮ್ಮ ಮಾತಾಗಿ ಆಡಿದರು. ಜೂನ್ ೮ರಂದು ಒಪ್ಪಂದವಾಯಿತು. ಸ್ವಿಟ್ಜರ್ಲೆಂಡ್, ಸ್ವೀಡನ್, ಪೋಲೆಂಡ್, ಚೆಕೊಸ್ಲೊವಾಕಿಯ, ಭಾರತ ಈ ಐದು ದೇಶಗಳ ಆಯೋಗ. ಅದಕ್ಕೆ ಅಧ್ಯಕ್ಷತೆಯೂ ಕಾವಲಿನ ಪಡೆಯೂ ಭಾರತದ್ದು.

ಸಿಂಗ್ಮನ್ ರೀಗೆ ಇದು ಸೇರಲಿಲ್ಲ. ಜೂನ್ ೧೮ರ ರಾತ್ರಿ ತನ್ನ ಕಾವಲುಗಾರರಿಗೆ ಅಪ್ಪಣೆ ಕೊಟ್ಟು ಸುಮಾರು ೨೭,೦೦೦ ಉತ್ತರ ಕೊರಿಯನ್ ಸೆರೆಯಾಳುಗಳನ್ನು ಬೇಲಿ ತೆರೆದು ಓಡಿಸಿಬಿಟ್ಟನು. ಒಪ್ಪಂದ ಮುರಿಯಲೆಂದೇ ಮಾಡಿದ ಕೆಲಸ, ಹೇಗೋ ಮುರಿಯಲಿಲ್ಲ. ಜುಲೈ ೨೭ರಂದು ಪನ್‌ಮುಂಜೋಮಿನಲ್ಲಿ ಕದನವಿರಾಮಕ್ಕೆ ಸಹಿ ಬಿದ್ದಿತು. ಮನೆಗೆ ಹೋಗುವೆವೆಂದ ೭೫,೮೨೩ ಮಂದಿ ಉತ್ತರಕ್ಕೂ ೧೨,೭೭೩ ಮಂದಿ ದಕ್ಷಿಣಕ್ಕೂ ದಾಟಿದರು. ಹೋಗಲೊಲ್ಲೆವೆಂದವರು ಉಳಿದರು.

ತಿಮ್ಮಯ್ಯನವರು ರಂಗಕ್ಕೆ ಬರುವುದು ಇಲ್ಲಿ. ಕೊಡಂದೇರ ಮನೆತನದ ಸುಬ್ಬಯ್ಯ ತಿಮ್ಮಯ್ಯನವರು ಹುಟ್ಟಿದ್ದು ೧೯೦೬ರಲ್ಲಿ. ಬೆಂಗಳೂರಿನಲ್ಲಿ ಓದಿ, ಸ್ಯಾಂಡ್‌ಹರ್ಸ್ಟಿನಲ್ಲಿ ತರಬೇತು ಪಡೆದು ೧೯೨೬ರಲ್ಲಿ ಅಧಿಕಾರಿಯಾದರು. ೧೯೪೫ರ ಜನವರಿಯಲ್ಲಿ ಬರ್ಮದ ಅರಕಾನ್ ಕರಾವಳಿಯ ಕಂಗಾವ್ ಎಂಬಲ್ಲಿ ಜಪಾನೀಯರೊಡನೆ ನಡೆದ ಭೀಕರ ಕಾಳಗದಲ್ಲಿ ಮೂರು ದಳಗಳಿಗೆ ಮೂವರು ಭಾರತೀಯರೇ ನಾಯಕರಾಗಿದ್ದರು. ಅವರಲ್ಲಿ ಒಬ್ಬರು ತಿಮ್ಮಯ್ಯ, ಇನ್ನೊಬ್ಬರು ಎಸ್. ಪಿ. ಪಿ. ಥೋರಾಟ್. ವಿಧಿ ಅದೇ ಜೋಡಿಯನ್ನು ಎಂಟು ವರ್ಷಗಳ ಮೇಲೆ ಕೊರಿಯಾದಲ್ಲಿ ಮತ್ತೆ ಕೂಡಿಸಿತು. ತಿಮ್ಮಯ್ಯನವರು ಆಯೋಗದ ಅಧ್ಯಕ್ಷರು, ಥೋರಾಟರು ಸುಮಾರು ೬,೦೦೦ ಮಂದಿಯ ಭಾರತೀಯ ಕಾವಲು ಪಡೆಯ ದಂಡನಾಯಕರು.

ಆ ಪಡೆಯ ಪ್ರಯಾಣವೇ ಒಂದು ವಿಚಿತ್ರ. ಭಾರತೀಯರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ರೀ ಘೋಷಿಸಿದ್ದನು. ರೀಯ ದೃಷ್ಟಿಯಲ್ಲಿ ನೆಹರೂ ಅವರೂ ಒಂದು ಬಗೆಯ ಕಮ್ಯೂನಿಸ್ಟರೇ. ಹೀಗಾಗಿ ಇಂಚೋನ್ ಬಂದರನ್ನು ಸೇರಿದ ನಮ್ಮ ಜವಾನರು ಹಡಗಿನಿಂದ ಇಳಿದು ರೈಲು ಹತ್ತುವಂತಿರಲಿಲ್ಲ. ಒಂದು ವಿಮಾನವಾಹಕ ಹಡಗಿನ ಮೇಲಕ್ಕೆ ಅವರನ್ನು ಸಾಗಿಸಿ, ಅಲ್ಲಿಂದ ಹೆಲಿಕಾಪ್ಟರುಗಳಲ್ಲಿ ಐದಾರು ಮಂದಿಯಂತೆ ಕೂರಿಸಿ, ರೀಯ ನೆಲವನ್ನು ಮುಟ್ಟದ ಹಾಗೆ ಆಕಾಶಮಾರ್ಗವಾಗಿ ನಡುವಣ ನಿಸ್ಸೈನಿಕ ವಲಯಕ್ಕೆ ಇಳಿಸಿದರು. ಅಷ್ಟು ಜನರನ್ನೂ ಹೀಗೆಯೇ! ಅಲ್ಲಿ ಡೇರೆಗಳ ಊರೊಂದು ಎದ್ದಿತು. ಅದಕ್ಕೆ ನಮ್ಮವರಿಟ್ಟ ಹೆಸರು ಹಿಂದ್ ನಗರ.

ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸೇನೆ ೨೨,೬೦೪ ಸೆರೆಯಾಳುಗಳನ್ನು ನಮ್ಮ ಕೈಗೆ ಒಪ್ಪಿಸಿತು. ೧೪,೭೦೪ ಚೀನೀಯರು, ೭,೯೦೦ ಕೊರಿಯನ್ನರು. ಕಮ್ಯೂನಿಸ್ಟರು ಒಪ್ಪಿಸಿದ್ದು ೩೫೯ ಮಂದಿಯನ್ನು: ೩೩೫ ದಕ್ಷಿಣ ಕೊರಿಯನ್ನರು, ೨೩ ಅಮೆರಿಕನ್ನರು, ಒಬ್ಬ ಬ್ರಿಟಿಷ್ ಸೈನಿಕ. ಬಂದ ಸೆರೆಯಾಳುಗಳು ನಮ್ಮವರನ್ನು ಎದುರುಗೊಂಡದ್ದು ಕಲ್ಲು, ಬೈಗುಳ, ಘೋಷಣೆಗಳಿಂದ. ಭಾರತೀಯರು ತಮ್ಮನ್ನು ಮೋಸದಿಂದ ಮಾವೋಗೆ ಮಾರಿಬಿಡುತ್ತಾರೆಂದು ಅವರಿಗೆ ಮೊದಲೇ ಕಿವಿಯೂದಿದ್ದರು. ಒಂದು ದಿನ ಮೇಜರ್ ಗ್ರೇವಾಲ್ ಎಂಬ ನಮ್ಮ ಅಧಿಕಾರಿಯನ್ನು ಚೀನೀ ಸೆರೆಯಾಳುಗಳು ಬೇಲಿಯೊಳಕ್ಕೆ ಎಳೆದುಕೊಂಡರು. ಗುಂಡು ಹಾರಿಸಿದರೆ ಗ್ರೇವಾಲರೂ ಉಳಿಯುತ್ತಿರಲಿಲ್ಲ. ಥೋರಾಟರು ಆಯುಧವಿಲ್ಲದೆ ತಾವೇ ಒಳಕ್ಕೆ ಹೋದರು. ಬಾಗಿಲು ಮುಚ್ಚಿತು. ಉದ್ರಿಕ್ತರಾದ ನೂರಾರು ಜನರ ನಡುವೆ ನಿಂತು, ಗದರಿಸಿಯೂ ರಮಿಸಿಯೂ, ಬರಿಯ ಮಾತಿನ ಬಲದಿಂದ ಗ್ರೇವಾಲರನ್ನು ಬಿಡಿಸಿಕೊಂಡು ಹೊರಗೆ ಬಂದರು. ಎಲ್ಲ ಸಲವೂ ಹೀಗೆ ಆಗಲಿಲ್ಲ. ಅಕ್ಟೋಬರಿನ ಮೊದಲ ದಿನಗಳಲ್ಲಿ ಬೇಲಿ ಮುರಿದು ನುಗ್ಗಿದ ಸೆರೆಯಾಳುಗಳ ಮೇಲೆ ನಮ್ಮ ಕಾವಲಿನವರು ಗುಂಡು ಹಾರಿಸಬೇಕಾಯಿತು, ಕೆಲವರು ಸತ್ತರು. ನಮ್ಮ ಹಿರಿಮೆಯನ್ನು ಹೇಳುವಾಗ ಇದನ್ನು ನುಂಗಿಕೊಳ್ಳುವುದು ಸಲ್ಲದು.

ಒಪ್ಪಂದದ ಪ್ರಕಾರ ಪ್ರತಿಯೊಬ್ಬ ಸೆರೆಯಾಳಿಗೂ ಅವನ ದೇಶದ ಪ್ರತಿನಿಧಿಗಳು ‘ವಿವರಣೆ’ ಕೊಡಬಹುದಾಗಿತ್ತು. ಅದಕ್ಕೆ ೯೦ ದಿನಗಳ ಅವಧಿ. ಅಕ್ಟೋಬರ್ ೧೫ರಂದು ಈ ವಿವರಣೆ ಆರಂಭವಾಯಿತು. ಅದಕ್ಕೆಂದು ಕಟ್ಟಿದ ಡೇರೆಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಮೇಜಿನ ಹಿಂದೆ ಚೀನೀ ಅಧಿಕಾರಿಗಳು. ಪಕ್ಕದಲ್ಲಿ ಐದು ತಟಸ್ಥದೇಶಗಳ ಪ್ರತಿನಿಧಿಗಳು, ದುಭಾಷಿಗಳು, ಎದುರುಪಕ್ಷದ ವೀಕ್ಷಕರು. ಹೊರಗೆ ಹೋಗಲು ಎರಡು ಬಾಗಿಲು. ಒಂದರಲ್ಲಿ ಹೋದರೆ ಸ್ವದೇಶ. ಇನ್ನೊಂದರಲ್ಲಿ ಹೋದರೆ ಮರಳಿ ಬೇಲಿ, ಅಲ್ಲಿಂದ ಮುಂದೆ ತೈವಾನ್ ಅಥವಾ ದಕ್ಷಿಣ ಕೊರಿಯಾ. ಸೆರೆಯಾಳನ್ನು ಇಬ್ಬರು ಭಾರತೀಯ ಜವಾನರು ತೋಳು ಹಿಡಿದು ತಂದು ಕೂರಿಸುವರು. ‘ತಾಯ್ನಾಡು ನಿನ್ನನ್ನು ಕಾಯುತ್ತಿದೆ, ನಿನ್ನ ತಾಯಿ ಕಾಯುತ್ತಿದ್ದಾಳೆ, ಹಿಂದಿನದೆಲ್ಲ ಮಾಫಿ’ ಎಂಬ ಧಾಟಿಯಲ್ಲಿ ಅಧಿಕಾರಿ ಮಾತು ತೆಗೆಯುವನು. ಬಹುಮಂದಿ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಕೂಗಿದರು, ಉಗುಳಿದರು, ಮೇಜನ್ನು ಬೀಳಿಸಹೋದರು, ತೈವಾನಿಗೆ ಜಯಕಾರ ಹಾಕುತ್ತ ಎರಡನೆಯ ಬಾಗಿಲಿನಿಂದ ಓಡಿದರು. ಆದರೆ ನಡುವೆ ಎಲ್ಲೋ ಒಬ್ಬನು ಸುಮ್ಮನೆ ಕೂತಿರುತ್ತಿದ್ದನು. ಅಂಥವನನ್ನು ಕಂಡರೆ ಚೀನೀ ಅಧಿಕಾರಿಗಳು ಗಂಟೆಗಟ್ಟಲೆ ಬಿಡುತ್ತಿರಲಿಲ್ಲ.

ನನಗೆ ಈ ಸುಮ್ಮನೆ ಕೂತವನ ಮೇಲೆಯೇ ಕಣ್ಣು. ಹೊರಗೆ ಅವನ ಕೊಟ್ಟಿಯ ಐನೂರು ಮಂದಿ ಇದ್ದಾರೆ. ಅವರ ಮುಖಂಡರಿಗೂ ಸಿಯೋಲಿನ, ತೈಪೆಯ ಸರ್ಕಾರಗಳಿಗೂ ನಂಟಿದೆ. ಮನೆಗೆ ಹೋಗುವೆನೆಂದು ಬಾಯಿ ಬಿಟ್ಟವನ ಮೂಳೆ ಮುರಿಯಲು, ಕೊಲ್ಲಲು ಕೂಡ, ಅವರು ಹೇಸುವವರಲ್ಲ. ಹಾಗೆ ಕೊಲೆಯಾದದ್ದೂ ಉಂಟು. ಕೊಲೆಯ ಆರೋಪ ಹೊತ್ತ ಕೆಲವರನ್ನು ನಮ್ಮವರು ಹಿಡಿದರು. ಅವರ ವಿಚಾರಣೆ ಮುಗಿಯುವ ಮೊದಲೇ ಆಯೋಗದ ಅವಧಿಯೇ ಮುಗಿದುಹೋಯಿತು. ಮುಂದೆ ಮೇಜಿನಾಚೆ ಕೂತವನು ಮಾಫಿ ಎನ್ನುತ್ತಿದ್ದಾನೆ. ಅವನನ್ನು ನಂಬಬಹುದೇ? ಈ ಸೆರೆಯಾಳು ಮೊದಲು ಚಿಯಾಂಗ್ ಕೈಶೇಕನ ಸೈನ್ಯದಲ್ಲಿದ್ದವನು ಇರಬಹುದು. ಅಂಥವರು ಅವರಲ್ಲಿ ಬಹಳ ಮಂದಿ. ಅಲ್ಲಿ ಸೋತು ಮಾವೋನ ಸೈನ್ಯಕ್ಕೆ ಸೇರಿದ್ದವನು, ಅದರ ಪರವಾಗಿ ಕೊರಿಯಾಕ್ಕೆ ಬಂದವನು, ಅಮೆರಿಕನ್ನರ ಕೈಗೆ ಸಿಕ್ಕವನು, ಈಗ ಭಾರತೀಯರ ತೋಳಹಿಡಿತದಲ್ಲಿ ಬಂದು ಕೂತವನು. ‘ನಿನ್ನ ಇಷ್ಟವೇನು’ ಎಂದು ಅವನನ್ನು ಬದುಕಿನಲ್ಲಿ ಮೊದಲ ಸಲ ಯಾರಾದರೂ ಕೇಳಿದ್ದರೆ ಅದು ಆ ಡೇರೆಯಲ್ಲಿಯೇ ಇದ್ದೀತು. ಮತ್ತು ಆ ಇಷ್ಟವನ್ನು ಹೇಳಲು ಅವನಿಗಿದ್ದ ಕಾಲ ಕೆಲವು ನಿಮಿಷಗಳು.

ಕೆಲವರು ಡೇರೆಯ ತನಕ ಕಾಯಲಿಲ್ಲ. ರಾತ್ರಿಯ ವೇಳೆ ಮುಳ್ಳುತಂತಿಯ ಬೇಲಿಯನ್ನು ಹಾರಿ, ಮೈ ಹರಿದುಕೊಂಡು ಬಂದು, ಭಾರತೀಯ ಕಾವಲುಗಾರನ ಕಾಲ ಬಳಿ ಬಿದ್ದು ಮನೆಗೆ ಕಳುಹಿಸೆಂದು ಬೇಡಿದರು. ಒಟ್ಟು ೨೨,೬೦೪ ಮಂದಿಯಲ್ಲಿ ಸ್ವದೇಶಕ್ಕೆ ಹೋದವರು ೬೨೮. ಚೀನೀಯರು ೪೪೦, ಕೊರಿಯನ್ನರು ೧೮೮. ಇವರಲ್ಲಿ ಡೇರೆಯ ಬಾಗಿಲಿನಿಂದ ಹೋದವರಿಗಿಂತ ಬೇಲಿ ಹಾರಿ ಬಂದವರೇ ಹೆಚ್ಚು.

ಈ ವಿವರಣೆಯ ಕಾರ್ಯವೂ ನೆಟ್ಟಗೆ ಸಾಗಲಿಲ್ಲ. ಸೆರೆಯಾಳುಗಳು ಕೊಟ್ಟಿ ಬಿಟ್ಟು ಬರಲೊಲ್ಲೆವೆಂದರು. ಬಲಾತ್ಕಾರವಾಗಿ ಹೊರಗೆ ತನ್ನಿರೆಂದು ಚೀನೀಯರ ಒತ್ತಾಯ. ಪೋಲೆಂಡ್, ಚೆಕೊಸ್ಲೊವಾಕಿಯಗಳ ಬೆಂಬಲ. ಬಲಪ್ರಯೋಗ ಮಾಡಿದರೆ ಆಯೋಗವನ್ನೇ ಬಿಟ್ಟು ಹೋಗುವೆವೆಂದು ಸ್ವಿಸ್ಸರ ಬೆದರಿಕೆ, ಸ್ವೀಡನ್ನಿನ ಬೆಂಬಲ. ಎರಡು ಅತ್ತ, ಎರಡು ಇತ್ತ, ನಡುವೆ ತಿಮ್ಮಯ್ಯನವರ ಒಂದು ಮತ. ಈ ಜಗಳದಲ್ಲಿ ೯೦ ದಿನಗಳ ಪೈಕಿ ನಿಜವಾಗಿ ವಿವರಣೆ ನಡೆದದ್ದು ಕೇವಲ ೧೦ ದಿನ. ಡಿಸೆಂಬರ್ ೨೩ಕ್ಕೆ ಅವಧಿ ಮುಗಿದಾಗ ವಿವರಣೆ ಕೇಳಿದ್ದವರು ಮೂರು ಸಾವಿರ ಚಿಲ್ಲರೆ ಮಂದಿ. ಉಳಿದ ಹತ್ತೊಂಬತ್ತು ಸಾವಿರ ಜನರ ಮನಸ್ಸನ್ನು ಯಾರೂ ಬಿಚ್ಚಿ ನೋಡಲೇ ಇಲ್ಲ.

ಇನ್ನು ಉಳಿದದ್ದು ೧೯೫೪ರ ಜನವರಿ ೨೩. ಆ ದಿನಕ್ಕೆ ಸೆರೆಯಾಳುಗಳ ಕಾವಲಿನ ಅವಧಿ ತೀರುತ್ತಿತ್ತು. ವಿವರಣೆಯ ಬಳಿಕ ಒಂದು ರಾಜಕೀಯ ಸಮ್ಮೇಳನ ಸೇರಿ ಇವರ ಗತಿಯನ್ನು ತೀರ್ಮಾನಿಸಬೇಕೆಂದು ಒಪ್ಪಂದದಲ್ಲಿತ್ತು. ಸಮ್ಮೇಳನ ಸೇರಲೇ ಇಲ್ಲ. ಅಂದು ಎಲ್ಲರನ್ನೂ ಸ್ವತಂತ್ರರೆಂದು ಬಿಟ್ಟುಬಿಡಿ ಎಂದು ಅಮೆರಿಕನ್ನರು. ವಿವರಣೆ ಪೂರ್ತಿಯಾಗುವ ತನಕ ಹಿಡಿದಿಟ್ಟುಕೊಳ್ಳಿ ಎಂದು ಚೀನೀಯರು. ಹಿಡಿದಿಟ್ಟುಕೊಳ್ಳಹೋದರೆ ಇಪ್ಪತ್ತು ಸಾವಿರ ಸೆರೆಯಾಳುಗಳು ಬೇಲಿ ಮುರಿದು ನುಗ್ಗುವರು. ನಮ್ಮ ಆರು ಸಾವಿರ ಜವಾನರು ಗುಂಡು ಹಾರಿಸಬೇಕಾದೀತು. ಅಲ್ಲಿ ನಡೆಯುವುದು ಕಾವಲಲ್ಲ, ಕಗ್ಗೊಲೆ. ತಾವೇ ಬಿಟ್ಟುಬಿಟ್ಟರೆ ಒಪ್ಪಂದವನ್ನು ಭಾರತವೇ ಮುರಿದಂತೆ.

ತಿಮ್ಮಯ್ಯನವರು ಎರಡನ್ನೂ ಮಾಡಲಿಲ್ಲ. ಇವರನ್ನು ಸ್ವತಂತ್ರರೆಂದು ಸಾರುವ ಅಧಿಕಾರ ತಮಗಿಲ್ಲ, ಅವಧಿ ಮೀರಿ ಇಟ್ಟುಕೊಳ್ಳುವ ಅಧಿಕಾರವೂ ತಮಗಿಲ್ಲ. ಆದಕಾರಣ ಯಾರು ತಂದೊಪ್ಪಿಸಿದರೋ ಅವರಿಗೇ ಹಿಂದಕ್ಕೆ ಒಪ್ಪಿಸುವುದಾಗಿಯೂ, ಅವರು ಬಿಟ್ಟುಬಿಟ್ಟರೆ ಅದು ಒಪ್ಪಂದಕ್ಕೆ ವಿರುದ್ಧವೆಂದೂ ಎರಡೂ ಪಕ್ಷಗಳಿಗೆ ಪತ್ರ ಬರೆದರು. ಜನವರಿ ೨೦ರಂದು ಬಾಗಿಲು ತೆರೆಯಿತು. ಕೊರೆಯುವ ಚಳಿಯಲ್ಲಿ ಸೆರೆಯಾಳುಗಳು ಬಾವುಟ ಹಿಡಿದು ಸಾಲುಸಾಲಾಗಿ ದಕ್ಷಿಣಕ್ಕೆ ನಡೆದರು. ಮೂರು ದಿನ ಕಳೆದು ಅಮೆರಿಕನ್ನರು ಅವರನ್ನೆಲ್ಲ ಬಿಡುಗಡೆ ಮಾಡಿದರು. ಹದಿನಾಲ್ಕು ಸಾವಿರ ಚೀನೀಯರು ತೈವಾನಿಗೆ ಹಡಗು ಹತ್ತಿದರು. ಅಲ್ಲಿ ಜನವರಿ ೨೩ನ್ನು ಸ್ವಾತಂತ್ರ್ಯದಿನವೆಂದು ಹಬ್ಬವಾಗಿ ಆಚರಿಸಿದರು. ಉತ್ತರದ ಬೇಲಿಯಲ್ಲಿದ್ದವರ ಪೈಕಿ ೩೪೭ ಮಂದಿ ಕಮ್ಯೂನಿಸ್ಟರ ಕಡೆ ಉಳಿದರು. ಅವರಲ್ಲಿ ೨೧ ಮಂದಿ ಅಮೆರಿಕನ್ನರು. ಉಳಿದ ಇಬ್ಬರು ಅಮೆರಿಕನ್ನರು ಮನಸ್ಸು ಬದಲಿಸಿ ಮನೆಗೆ ಹೋಗಿದ್ದರಷ್ಟೆ. ಸ್ವದೇಶ ಅವರನ್ನು ಸೈನಿಕ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಿತು. ‘ಇಷ್ಟಬಂದಂತೆ ಆರಿಸಿಕೊ’ ಎಂದ ನಾಡು ತನ್ನ ಮಗ ಬೇರೆಯದನ್ನು ಆರಿಸಿ ಮರಳಿದಾಗ ಹೀಗೆ ನಡೆದುಕೊಂಡಿತು. ಚೀನಕ್ಕೆ ಮರಳಿದ ಸೆರೆಯಾಳುಗಳ ಪಾಡು ಇನ್ನೂ ಹೀನ. ಸಾಯದೆ ಸೆರೆಸಿಕ್ಕಿದ್ದೇ ಅವರ ಅಪರಾಧವಾಯಿತು. ಪಕ್ಷದಿಂದ ಹೊರಗೆ ಹಾಕಿದರು, ದಶಕಗಳ ಕಾಲ ಸಂಶಯದಲ್ಲಿ ಇಟ್ಟರು. ಅವರ ಹೆಸರಿಗಂಟಿದ ಕಳಂಕವನ್ನು ಅಲ್ಲಿಯ ಸರ್ಕಾರ ತೊಡೆದದ್ದು ೧೯೮೦ರಲ್ಲಿ. ಡೇರೆಯಲ್ಲಿ ಸುಮ್ಮನೆ ಕೂತವನು ಮಾಫಿಯ ಮಾತನ್ನು ನಂಬದಿದ್ದದ್ದು ಸುಮ್ಮನಲ್ಲ.

ತಿಮ್ಮಯ್ಯನವರ ತೀರ್ಮಾನವನ್ನು ಎರಡು ಕಡೆಯವರೂ ಬೈದರು. ನಡುವೆ ನಿಂತವನಿಗೆ ಎರಡೂ ಕಡೆಯ ಪೆಟ್ಟು ಎಂಬುದು ನಮ್ಮ ಹಳ್ಳಿಗಳ ಪಂಚಾಯಿತಿಯನ್ನು ಕಂಡವರಿಗೆ ಹೊಸದಲ್ಲ. ಅವರದು ಕೈತೊಳೆದುಕೊಳ್ಳುವ ತೀರ್ಪು ಎಂದು ಟೀಕಿಸಿದವರಿದ್ದಾರೆ; ಆ ಟೀಕೆ ಪೂರ್ತಿ ಸುಳ್ಳೆಂದು ನಾನೂ ಹೇಳಲಾರೆ. ಆಯೋಗದ ವರದಿಯಲ್ಲಿ ಭಾರತವು ಪೋಲೆಂಡ್, ಚೆಕೊಸ್ಲೊವಾಕಿಯಗಳೊಡನೆ ಸೇರಿ, ಬೇಲಿಯೊಳಗೆ ಸೆರೆಯಾಳುಗಳ ಮೇಲೆ ದಬ್ಬಾಳಿಕೆ ನಡೆದಿತ್ತು, ಅವರ ಆಯ್ಕೆ ಸ್ವತಂತ್ರವಾದದ್ದೆಂದು ಹೇಳುವಂತಿಲ್ಲ ಎಂಬರ್ಥದಲ್ಲಿ ಬರೆಯಿತು. ಸ್ವಿಸ್ಸರೂ ಸ್ವೀಡನ್ನರೂ ಬೇರೆಯಾಗಿಯೇ ವರದಿ ಕೊಟ್ಟರು. ಆಯ್ಕೆ ಸ್ವತಂತ್ರವಲ್ಲವೆಂದು ಬಲ್ಲವರೇ ಆ ಆಯ್ಕೆಗೆ ಬಾಗಿಲು ತೆರೆದುಕೊಟ್ಟರಲ್ಲ ಎಂದು ಕೇಳಬಹುದು. ಆದರೆ ಬೇರೆ ದಾರಿಯೆಂದರೆ ಬಂದೂಕು. ಹತ್ತೊಂಬತ್ತು ಸಾವಿರ ಮಂದಿಯ ಮನಸ್ಸಿನ ನಿಜವನ್ನು ಕಂಡುಹಿಡಿಯುವುದಕ್ಕಾಗಿ ಕೆಲವು ನೂರು ಜನರನ್ನು ಕೊಲ್ಲುವುದೇ? ಅರಕಾನಿನ ರಣರಂಗದಲ್ಲಿ ಹೆಣಗಳ ರಾಶಿಯನ್ನು ಕಂಡುಬಂದ ಮನುಷ್ಯ ಅದಕ್ಕೆ ಒಪ್ಪಲಿಲ್ಲ. ನನ್ನ ಮಟ್ಟಿಗೆ ಅವರು ಮಾಡಿದ್ದು ಸರಿ.

ಭಾರತ ಸರ್ಕಾರ ೧೯೫೪ರಲ್ಲಿಯೇ ತಿಮ್ಮಯ್ಯನವರಿಗೆ ಪದ್ಮಭೂಷಣವನ್ನು ಕೊಟ್ಟಿತು. ಅವರು ೧೯೫೭ರಿಂದ ೧೯೬೧ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದರು. ಆಮೇಲೆ ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಜಗಳ ಹೊತ್ತಿದಾಗ ವಿಶ್ವಸಂಸ್ಥೆ ಮತ್ತೆ ಅವರನ್ನೇ ಕರೆಯಿತು. ಶಾಂತಿಪಡೆಯ ನಾಯಕರಾಗಿರುವಾಗಲೇ ೧೯೬೫ರ ಡಿಸೆಂಬರಿನಲ್ಲಿ ಅಲ್ಲಿ ತೀರಿಕೊಂಡರು. ಕೊರಿಯಾದ ಅನುಭವವನ್ನು ಕುರಿತು ಅವರು ಬರೆದಿಟ್ಟದ್ದು ಪುಸ್ತಕವಾಗಿ ಹೊರಬಂದದ್ದು ೧೯೮೧ರಲ್ಲಿ. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ೨೦೨೧ರಿಂದ ವಸ್ತುಸಂಗ್ರಹಾಲಯವಾಗಿದೆ. ರಾಜಾಸೀಟಿನ ಮಂಜು ನೋಡಲು ಹೋದವರು ಅರ್ಧ ಗಂಟೆ ಬಿಡುವು ಮಾಡಿಕೊಂಡು ಅಲ್ಲಿಗೂ ಹೋಗಿಬರಬೇಕು.

ಒಂದು ಲೆಕ್ಕವನ್ನು ಇನ್ನೂ ಹೇಳಿಲ್ಲ. ಎರಡು ಬಾಗಿಲುಗಳಲ್ಲಿ ಯಾವುದನ್ನೂ ಒಲ್ಲದವರು ೮೮ ಮಂದಿ ಇದ್ದರು. ಉತ್ತರ ಕೊರಿಯನ್ನರು ೭೪, ಚೀನೀಯರು ೧೨, ದಕ್ಷಿಣ ಕೊರಿಯನ್ನರು ೨. ಆ ಕಡೆಯೂ ಬೇಡ, ಈ ಕಡೆಯೂ ಬೇಡ, ಯಾವುದಾದರೊಂದು ತಟಸ್ಥದೇಶಕ್ಕೆ ಕಳುಹಿಸಿರೆಂದು ಅವರು ಕೇಳಿಕೊಂಡರು. ಯಾವ ದೇಶವೂ ಕೂಡಲೇ ಮುಂದೆ ಬರಲಿಲ್ಲ. ೧೯೫೪ರ ಫೆಬ್ರವರಿಯಲ್ಲಿ ನಮ್ಮ ಪಡೆ ಹಿಂದಿರುಗುವಾಗ ಅವರನ್ನೂ ಜೊತೆಗೆ ಹಡಗಿನಲ್ಲಿ ಕರೆತಂದಿತು.

ದಕ್ಷಿಣ ಕೊರಿಯಾದ ಲೇಖಕ ಚೋಯ್ ಇನ್‌ಹುನ್ ೧೯೬೦ರಲ್ಲಿ, ರೀಯ ಸರ್ವಾಧಿಕಾರ ವಿದ್ಯಾರ್ಥಿಗಳ ದಂಗೆಯಿಂದ ಉರುಳಿದ ವರ್ಷ, ಇಂಥವನೊಬ್ಬನ ಕಥೆಯನ್ನು ಕಾದಂಬರಿಯಾಗಿ ಬರೆದನು. ಹೆಸರು ‘ಗ್ವಾಂಗ್‌ಜಾಂಗ್’, ಎಂದರೆ ಊರ ನಡುವಣ ಚೌಕ. ತತ್ತ್ವಶಾಸ್ತ್ರ ಓದಿದ ತರುಣನೊಬ್ಬ ದಕ್ಷಿಣದಲ್ಲಿ ಬೇಸತ್ತು ಉತ್ತರಕ್ಕೆ ಹೋಗುತ್ತಾನೆ, ಅಲ್ಲಿಯೂ ಬೇಸತ್ತು ಯುದ್ಧದಲ್ಲಿ ಸೆರೆಸಿಕ್ಕುತ್ತಾನೆ, ಕೇಳಿದಾಗ ತಟಸ್ಥದೇಶವೆನ್ನುತ್ತಾನೆ. ಅವನನ್ನು ಕರೆದೊಯ್ಯುವ ಭಾರತದ ಹಡಗಿಗೆ ಲೇಖಕನಿಟ್ಟ ಹೆಸರು ‘ಟಾಗೋರ್’. ಆ ಹಡಗಿನಿಂದ ಅವನು ನಡುಸಮುದ್ರದಲ್ಲಿ ಕಾಣೆಯಾಗುತ್ತಾನೆ. ಕೊರಿಯನ್ ಸಾಹಿತ್ಯದಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಕನ್ನಡಕ್ಕೆ ಇದನ್ನು ಯಾರಾದರೂ ಬಲ್ಲವರು ಮೂಲದಿಂದಲೇ ತರಬೇಕೆಂದು ನನಗೆ ಆಸೆ. ಆ ಭಾಷೆಯನ್ನು ಧಾರಾವಾಹಿ ನೋಡಿ ಕಲಿಯುತ್ತಿರುವ ನನ್ನ ವಿದ್ಯಾರ್ಥಿನಿಯರಲ್ಲಿ ಒಬ್ಬಳು ತಂದರೂ ಸಂತೋಷವೇ.

ನಿಜವಾಗಿ ಬಂದ ೮೮ ಮಂದಿ ಕಾಣೆಯಾಗಲಿಲ್ಲ. ಮದರಾಸಿನಲ್ಲಿ ಇಳಿದು, ದೆಹಲಿಯ ಸೈನಿಕ ವಸತಿಗಳಲ್ಲಿ ತಂಗಿ, ಯಾವ ದೇಶ ಕರೆಯುವುದೋ ಎಂದು ಕಾದರು. ಕೆಲವರು ಕಾದು ಸಾಕಾಗಿ, ಕಡೆಗೂ ತಮ್ಮ ತಮ್ಮ ನಾಡಿಗೇ ಹೋದರು. ೧೯೫೬ರ ಹೊತ್ತಿಗೆ ಬ್ರೆಜಿಲ್ ದೇಶ ಬಹುಮಂದಿಯನ್ನು ಕರೆದುಕೊಂಡಿತು. ಮತ್ತೆ ಕೆಲವರನ್ನು ಅರ್ಜೆಂಟೀನಾ ಕರೆದುಕೊಂಡಿತು. ಬೆರಳೆಣಿಕೆಯ ಕೆಲವರು ಎಲ್ಲಿಗೂ ಹೋಗದೆ ಭಾರತದಲ್ಲಿಯೇ ನಿಂತು, ಹಿಂದಿ ಕಲಿತು, ವ್ಯಾಪಾರ ಹೂಡಿ, ಇಲ್ಲಿಯೇ ಸಂಸಾರ ಕಟ್ಟಿದರು.